ನಕಲು ಎಂದವರು ಕೇಳಿಸಿಕೊಳ್ಳದ ಬೀಝ್

ಜಪಾನಿನ ರಾಕ್ ಜೋಡಿ ಬೀಝ್ ಹೆಸರೆತ್ತಿದರೆ ಸಾಕು, ರಾಕ್ ಬಲ್ಲವರ ಬಾಯಲ್ಲಿ ಎರಡು ಮಾತು ಸಿದ್ಧವಾಗಿರುತ್ತವೆ. ಒಂದು, ಇವರು ಏರೋಸ್ಮಿತ್ ಮತ್ತು ಲೆಡ್ ಝೆಪ್ಪೆಲಿನ್‌ಗಳ ಜಪಾನೀ ನಕಲು. ಇನ್ನೊಂದು, ಲಕ್ಷಗಟ್ಟಲೆ ಮಾರಾಟವಾದ ಹಾಡುಗಳೆಲ್ಲ ಜೊಳ್ಳು, ಮೂಲೆಯಲ್ಲಿ ಉಳಿದ ನಾಲ್ಕಾರು ಹಾಡುಗಳಲ್ಲಿ ಮಾತ್ರ ಹುರುಳಿದೆ. ಮೂವತ್ತು ವರ್ಷ ಕಳೆದರೂ ಈ ತೀರ್ಪು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹಾಗೇ ದಾಟುತ್ತಿದೆ. ಎರಡೂ ಮಾತು ತಪ್ಪು ಎಂದೇ ನನ್ನ ವಾದ.

ನಕಲಿನ ಆರೋಪದಲ್ಲಿ ಸತ್ಯಾಂಶ ಇಲ್ಲವೆಂದಲ್ಲ. 1989ರ ‘ಬ್ಯಾಡ್ ಕಮ್ಯುನಿಕೇಷನ್’ ಕೇಳಿದಾಗ ಝೆಪ್ಪೆಲಿನ್‌ನ ‘ಟ್ರ್ಯಾಂಪಲ್ಡ್ ಅಂಡರ್ ಫುಟ್’ ನೆನಪಾಗದೆ ಇರದು. 1994ರ ‘ಡೋಂಟ್ ಲೀವ್ ಮಿ’ಯಲ್ಲಿ ಏರೋಸ್ಮಿತ್‌ನ ‘ಕ್ರೈಯಿನ್’ ಛಾಯೆ ಎದ್ದು ಕಾಣುತ್ತದೆ. ಆದರೆ ಅದೇ ಕಾಲದಲ್ಲಿ ಟೋಕಿಯೋದಲ್ಲಿ ಇನ್ನೊಂದು ಜೋಡಿಯೂ ಇತ್ತು, ಫ್ಲಿಪ್ಪರ್ಸ್ ಗಿಟಾರ್. ಕೆಯಿಗೊ ಒಯಾಮಾಡಾ ಮತ್ತು ಕೆಂಜಿ ಒಝಾವಾ 1991ರಲ್ಲಿ ತಂದ ‘ಡಾಕ್ಟರ್ ಹೆಡ್ಸ್ ವರ್ಲ್ಡ್ ಟವರ್’ ಆಲ್ಬಮ್ಮಿನ ತುಂಬ ಬೀಚ್ ಬಾಯ್ಸ್ ಮೊದಲಾದವರ ತುಣುಕುಗಳೇ. ಅದಕ್ಕೆ ಸಿಕ್ಕಿದ್ದು ಮೆಚ್ಚುಗೆ. ಅದಕ್ಕೂ ಹಿಂದೆ, 1971ರಲ್ಲಿ ‘ಕಾಝೆಮಾಚಿ ರೋಮನ್’ ತಂದ ಹ್ಯಾಪಿ ಎಂಡ್ ತಂಡ ಬಫಲೋ ಸ್ಪ್ರಿಂಗ್‌ಫೀಲ್ಡ್‌ನಿಂದ ಪಡೆದದ್ದೇನೂ ಕಡಿಮೆಯಲ್ಲ. ಜಪಾನೀ ರಾಕ್‌ನ ಮೂಲಪುರುಷರೆಂದು ಇವತ್ತು ಅವರಿಗೆ ಪೀಠ ಸಿಕ್ಕಿದೆ.

ಎರವಲು ಎಲ್ಲರೂ ತಂದರು. ಟೋಕಿಯೋದ ಶಿಬುಯಾ ಪ್ರದೇಶದ ಅಂಗಡಿಗಳಲ್ಲಿ ಅಪರೂಪದ ವಿದೇಶಿ ರೆಕಾರ್ಡು ಹುಡುಕಿ ತಂದರೆ ಅದು ಅಭಿರುಚಿ, ಎಲ್ಲರ ಕಿವಿಯಲ್ಲೂ ಇದ್ದ ಬ್ಯಾಂಡಿನಿಂದ ತಂದರೆ ಅದು ಕಳ್ಳತನ. ವಿಮರ್ಶಕನಿಗೆ ಮಾತ್ರ ಗುರುತು ಸಿಗುವ ಸಾಲ ಅವನ ಪಾಂಡಿತ್ಯಕ್ಕೆ ಸನ್ಮಾನ. ಹೈಸ್ಕೂಲು ಹುಡುಗನಿಗೂ ಗುರುತು ಸಿಗುವ ಸಾಲ ವಿಮರ್ಶಕನಿಗೆ ಅವಮಾನ. ಇದನ್ನು ಸಂಗೀತ ವಿಮರ್ಶೆ ಎಂದು ಒಪ್ಪಲು ನಾನು ತಯಾರಿಲ್ಲ.

ಈ ಗದ್ದಲದಲ್ಲಿ ಅನ್ಯಾಯವಾದದ್ದು ಬೀಝ್‌ನ ಗಾಯಕ, ಗೀತರಚನೆಕಾರ ಕೋಶಿ ಇನಾಬಾಗೆ. ಗಿಟಾರಿಸ್ಟ್ ತಾಕ್ ಮಾಟ್ಸುಮೊಟೊಗೆ ಗೌರವ ತಡವಾಗಿಯಾದರೂ ಬಂತು. ಗಿಬ್ಸನ್ ಕಂಪನಿ ಅವರ ಹೆಸರಲ್ಲಿ ಗಿಟಾರ್ ಹೊರತಂದಿತು, 2011ರಲ್ಲಿ ಲ್ಯಾರಿ ಕಾರ್ಲ್ಟನ್ ಜೊತೆಗಿನ ‘ಟೇಕ್ ಯುವರ್ ಪಿಕ್’ಗೆ ಗ್ರ್ಯಾಮಿ ಬಂತು. ಇನಾಬಾ ಎಂದರೆ ಮಾತ್ರ ಈಗಲೂ ಎತ್ತರದ ದನಿ, ಹುರಿಗಟ್ಟಿದ ಮೈ, ಅಷ್ಟೇ. ಒಕಾಯಾಮಾ ಪ್ರಾಂತ್ಯದ ತ್ಸುಯಾಮಾ ಊರಿನಲ್ಲಿ ಸೌಂದರ್ಯ ಸಾಧನಗಳ ಅಂಗಡಿ ಇಟ್ಟಿದ್ದವರ ಮಗ, ಗಣಿತದ ಮೇಷ್ಟ್ರಾಗಲು ಅರ್ಹತೆ ಪಡೆದಿದ್ದವರು. ಅವರು ಬರೆದ ಸಾಹಿತ್ಯವನ್ನು ಸಾಹಿತ್ಯವೆಂದು ಓದಿದವರು ಎಷ್ಟು ಮಂದಿ?

1992ರ ‘ಫ್ರೆಂಡ್ಸ್’ ಮಿನಿ ಆಲ್ಬಮ್ಮಿನ ‘ಇತ್ಸುಕಾ ನೊ ಮೆರಿ ಕ್ರಿಸ್ಮಸ್’ ತೆಗೆದುಕೊಳ್ಳಿ. ಅದು ಸಿಂಗಲ್ ಆಗಿ ಬಿಡುಗಡೆಯಾಗಲೇ ಇಲ್ಲ. ಡಿಸೆಂಬರಿನ ಸಂಜೆ, ದೀಪ ಹತ್ತುವ ಹೊತ್ತು. ಅಂಗಡಿ ಬಾಗಿಲು ಹಾಕುವ ಮುಂಚೆ ಒಬ್ಬ ಓಡಿಹೋಗಿ ತನ್ನ ಪ್ರೇಯಸಿ ಆಸೆಪಟ್ಟ ಕುರ್ಚಿ ಕೊಳ್ಳುತ್ತಾನೆ. ಅದನ್ನು ತಬ್ಬಿಕೊಂಡು ರೈಲಿನಲ್ಲಿ ಒಬ್ಬನೇ ಸುಖಪಡುತ್ತಾನೆ. ಆ ರಾತ್ರಿ ಮೇಣದ ಬೆಳಕಿನಲ್ಲಿ, ಎಂದೂ ಅಗಲುವುದಿಲ್ಲವೆಂದು ಹೇಳಿದ ಮರುಕ್ಷಣವೇ, ಕಾರಣ ತಿಳಿಯದೆ ಅಳುತ್ತಾನೆ. ಇದೆಲ್ಲ ಎಂದೋ ಮುಗಿದ ಕಥೆಯೆಂದು ಹಾಡು ಮುಗಿಯುವಷ್ಟರಲ್ಲಿ ನಮಗೆ ತಿಳಿಯುತ್ತದೆ. ಹೂವಲ್ಲ, ಉಂಗುರವಲ್ಲ, ಕುರ್ಚಿ! ಇಬ್ಬರು ಒಂದು ಮನೆಯಲ್ಲಿ ಬಾಳುವ ಆಸೆಯನ್ನೆಲ್ಲ ಆ ಒಂದು ವಸ್ತು ಹೊತ್ತಿದೆ. ಝೆಪ್ಪೆಲಿನ್ ಹಾಡುಗಳಲ್ಲಿ ಇಂಥ ಗಂಡಸಿಲ್ಲ, ಏರೋಸ್ಮಿತ್‌ನಲ್ಲಂತೂ ಇಲ್ಲವೇ ಇಲ್ಲ. ಹಾರ್ಡ್ ರಾಕ್ ಗಾಯಕ ಎದೆ ತಟ್ಟಿಕೊಳ್ಳುವ ಜಾಗದಲ್ಲಿ ಇನಾಬಾ ತನ್ನ ಸಣ್ಣತನ, ಹೊಟ್ಟೆಕಿಚ್ಚು, ಹಿಂಜರಿಕೆಗಳನ್ನು ತಂದು ನಿಲ್ಲಿಸುತ್ತಾರೆ. ಗಿಟಾರ್ ಅಬ್ಬರಿಸುತ್ತದೆ, ಮಾತು ಅಳುಕುತ್ತದೆ. ಬೀಝ್‌ನ ಸ್ವಂತಿಕೆ ಇರುವುದೇ ಈ ಎರಡರ ಘರ್ಷಣೆಯಲ್ಲಿ.

ಹಾಗಾದರೆ ಒಳ್ಳೆಯದೆಲ್ಲ ಸಿಂಗಲ್ ಆಗದ ಹಾಡುಗಳಲ್ಲೇ ಇದೆಯೆನ್ನುವವರ ಮಾತು ನಿಜವಾಯಿತಲ್ಲ ಎನ್ನಬಹುದು. ಇಲ್ಲ. 2001ರ ‘ಅಲ್ಟ್ರಾ ಸೋಲ್’ಗಿಂತ ಜನಪ್ರಿಯ ಹಾಡು ಬೇಕೇ? ಫುಕುವೋಕಾದ ವಿಶ್ವ ಈಜು ಸ್ಪರ್ಧೆಗೆ ಬಳಕೆಯಾದ ಹಾಡದು. ಶೀರ್ಷಿಕೆಯ ಕೂಗಿಗೆ ಇಡೀ ಕ್ರೀಡಾಂಗಣ ‘ಹೈ’ ಎಂದು ನೆಗೆಯುತ್ತದೆ. ಅದರ ಆರಂಭವನ್ನು ಗಮನಿಸಿ ಕೇಳಿ: ಎಷ್ಟು ಹೆಣಗಬೇಕು, ಯಾರಿಗಾಗಿ ಎಂಬ ಸಂಶಯ, ತಿಳಿದೂ ಅಲುಗಾಡುವ ಸಂಕಲ್ಪ. ಕುರ್ಚಿ ಕೊಂಡವನೇ ಇಲ್ಲಿ ಈಜುಕೊಳದ ದಂಡೆಯಲ್ಲಿ ನಿಂತಿದ್ದಾನೆ. 1995ರ ‘ಲವ್ ಫ್ಯಾಂಟಮ್’ ನಿಮಿಷಕ್ಕೂ ಹೆಚ್ಚು ಹೊತ್ತು ತಂತಿವಾದ್ಯಗಳ ಆಡಂಬರ ಮಾಡಿ, ಕೊನೆಗೆ ತೋರಿಸುವುದು ಪ್ರೇಯಸಿಯಿಲ್ಲದೆ ತಾನೇ ಇಲ್ಲವಾಗುವವನನ್ನು.

ಜನಪ್ರಿಯವೆಂದ ಮಾತ್ರಕ್ಕೆ ಹಗುರ, ಅಡಗಿದೆಯೆಂದ ಮಾತ್ರಕ್ಕೆ ಆಳ ಎನ್ನುವ ರುಚಿಗೆ ಹಾಡು ಬೇಕಿಲ್ಲ, ಇತರರಿಗಿಂತ ತಾನು ಬೇರೆ ಎಂಬ ಸಮಾಧಾನ ಬೇಕು. ನಮ್ಮ ನವ್ಯ ವಿಮರ್ಶೆಯೂ ಜನಪ್ರಿಯ ಕಾದಂಬರಿಗಳನ್ನು ಹೀಗೆಯೇ ದೂರ ಇಟ್ಟಿತ್ತು, ಆದ್ದರಿಂದ ಈ ಧೋರಣೆಯ ಪರಿಚಯ ನಮಗೆ ಚೆನ್ನಾಗಿಯೇ ಇದೆ. 2024ರ ಡಿಸೆಂಬರ್ 31ರಂದು, ಮೊದಲ ರೆಕಾರ್ಡು ಬಂದ 36 ವರ್ಷಗಳ ನಂತರ, ಬೀಝ್ ಎನ್‌ಎಚ್‌ಕೆಯ ವರ್ಷಾಂತ್ಯದ ಟಿವಿ ಸಂಗೀತ ಕಾರ್ಯಕ್ರಮ ‘ಕೋಹಾಕು’ವಿನ ವೇದಿಕೆ ಹತ್ತಿತು. ಅಲ್ಲಿ ಹಾಡಿದ್ದು ಹೊಸ ‘ಇಲ್ಯುಮಿನೇಷನ್’ ಜೊತೆಗೆ ‘ಲವ್ ಫ್ಯಾಂಟಮ್’, ‘ಅಲ್ಟ್ರಾ ಸೋಲ್’ ಎಂಬ ಇವೇ ಎರಡು ಹಳೆಯ ಜನಪ್ರಿಯ ಹಾಡುಗಳನ್ನು.

ನನ್ನ ಪಕ್ಷಪಾತವನ್ನೂ ಹೇಳಿಬಿಡುತ್ತೇನೆ. 1994ರ ‘ದಿ ಸೆವೆಂತ್ ಬ್ಲೂಸ್’ ಅವರ ಅತ್ಯುತ್ತಮ ಕೃತಿ. ಎರಡು ಡಿಸ್ಕು, 20 ಹಾಡು, ಡ್ಯಾನ್ಸ್ ತಾಳಕ್ಕೆ ಕೈಕೊಟ್ಟು ಬ್ಲೂಸ್‌ಗೆ ಹೊರಳಿದ ಹಟ. ಮಾರಾಟದಲ್ಲಿ ಅದು ಹಿಂದಿನ ‘ರನ್’ಗಿಂತಲೂ ಮುಂದಿನ ‘ಲೂಸ್’ಗಿಂತಲೂ ಹಿಂದೆ ಬಿತ್ತು. ಅಲ್ಲಿ ಸಾಲ ಹೆಚ್ಚು ಎಂಬುದೂ ನಿಜ, ಆದರೂ ನನ್ನ ತೀರ್ಪು ಬದಲಾಗದು. ಬೀಝ್ ಕೇಳಿಲ್ಲದವರು ‘ಅಲ್ಟ್ರಾ ಸೋಲ್’ನಿಂದಲೇ ಶುರು ಮಾಡಿ, ಸಂಕೋಚ ಬೇಡ. ಆಮೇಲೆ ಈ ಎರಡು ಡಿಸ್ಕುಗಳಿಗೆ ಬನ್ನಿ, ಒಂದು ಹಾಡನ್ನೂ ದಾಟಿಸದೆ ಕೇಳಿ.