ಅರ್ಥ್ ನೋಡದೆ ಡೈನಮೋ ಬಿಚ್ಚಬೇಡಿ

ಈ ವಾರ ಡೈನಮೋದ ಚಾರ್ಜ್ ನಿಯಂತ್ರಿಸುವ ಕಟೌಟ್ ಪೆಟ್ಟಿಗೆಯ ಸ್ಪ್ರಿಂಗ್ ಹೊಂದಿಸುವ ವಿಷಯ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದಕ್ಕೂ ಮೊದಲು ಹಳೆಯ ಲೆಕ್ಕವೊಂದನ್ನು ಚುಕ್ತಾ ಮಾಡಬೇಕು. ಬೆಳಗಾವಿಯ ಯಾವುದೇ ಆಟೊ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಹಳೆಯ ಮ್ಯಾಸಿ 35 ಟ್ರ್ಯಾಕ್ಟರ್ ನಿಲ್ಲಿಸಿ ‘ಚಾರ್ಜ್ ಆಗವಲ್ದು’ ಅನ್ನಿ. ‘ಡೈನಮೋ ತಗದ ಒಗೀರಿ ಸಾಹೇಬ್ರ, ಅಲ್ಟರ್ನೇಟರ್ ಕುಂಡ್ರಸೋಣು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಾನೆಟ್ ಇನ್ನೂ ಎತ್ತಿರುವುದಿಲ್ಲ.

ಅಲ್ಟರ್ನೇಟರ್ ಪಂಥದವರ ಒಂದು ಮಾತು ನಿಜ. ಎಂಜಿನ್ ಮೆಲ್ಲಗೆ ಓಡುವಾಗಲೂ ಅದು ಕರೆಂಟ್ ಕೊಡುತ್ತದೆ, ಡೈನಮೋ ಕೊಡುವುದಿಲ್ಲ. ಆದರೆ ಬ್ಯಾಟರಿಯನ್ನು ಉಲ್ಟಾ ಜೋಡಿಸಿದಿರೋ, ಅದರ ಡಯೋಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟು ಹೋಗುತ್ತವೆ. ಈ ಅಪಾಯ ಹಳೆಯ ಗಾಡಿಗಳಲ್ಲಿ ಸಣ್ಣದಲ್ಲ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಚಿಕ್ಕ ಬೂದು ಫರ್ಗ್ಯುಸನ್‌ನಲ್ಲಿ ಬ್ಯಾಟರಿಯ ಪ್ಲಸ್ ಕಡೆಯೇ ಬಾಡಿಗೆ ಸೇರಿರುತ್ತದೆ. ಇಂದಿನ ಹುಡುಗರು ರೂಢಿಯಂತೆ ಮೈನಸ್ ಕೊಟ್ಟುಬಿಡುತ್ತಾರೆ. ಡೈನಮೋ ಇದ್ದರೆ ಎಂಜಿನ್ ನಿಲ್ಲಿಸಿ, ‘ಎಫ್’ ಟರ್ಮಿನಲ್ಲಿನ ವೈರ್ ಕಳಚಿ, ಬ್ಯಾಟರಿಯ ಲೈವ್ ವೈರನ್ನು ಆ ಟರ್ಮಿನಲ್ಲಿಗೆ ಒಂದೆರಡು ಸಲ ಮುಟ್ಟಿಸಿದರೆ ಸಾಕು, ಅದರ ಪೋಲಾರಿಟಿ ಸರಿಹೋಗುತ್ತದೆ.

ಡೈನಮೋ ಕೆಟ್ಟಿದೆಯೋ ಇಲ್ಲವೋ ನೋಡುವುದಕ್ಕೂ ಬಿಚ್ಚಬೇಕಾಗಿಲ್ಲ. ಲ್ಯೂಕಾಸ್‌ನ ಹಳೆಯ ವರ್ಕ್‌ಶಾಪ್ ಪುಸ್ತಕ ಹೇಳುವ ಕ್ರಮವನ್ನು ಈ ಅಂಕಣದಲ್ಲಿ ಹಿಂದೆಯೂ ಹಾಡಿ ಹೊಗಳಿದ್ದೇನೆ. ಮೊದಲು ಬೆಲ್ಟ್ ಬಿಗಿ ಇದೆಯೇ ನೋಡಿ. ಆಮೇಲೆ ‘ಡಿ’ ಮತ್ತು ‘ಎಫ್’ ಎರಡರ ವೈರ್ ಕಳಚಿ, ಎರಡೂ ಟರ್ಮಿನಲ್ಲುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿದು, ಎಂಜಿನ್ ವೇಗವನ್ನು ನಿಧಾನಕ್ಕೆ ಏರಿಸಿ. ಮುಳ್ಳು ತಡವರಿಸದೆ ಮೇಲೇರಬೇಕು. 20 ವೋಲ್ಟ್ ಮುಟ್ಟುವ ಮೊದಲೇ ಕೈ ಬಿಡಬೇಕು. ಏನೂ ಬಾರದಿದ್ದರೆ ಕಾರ್ಬನ್ ಬ್ರಶ್ ನೋಡಿ. ಅರ್ಧ, ಒಂದು ವೋಲ್ಟಿನಲ್ಲೇ ನಿಂತರೆ ಫೀಲ್ಡ್ ಕಾಯಿಲ್ ಮೇಲೆ ಅನುಮಾನ, ನಾಲ್ಕೈದಕ್ಕೆ ನಿಂತರೆ ಆರ್ಮೇಚರ್ ಮೇಲೆ. ಇಷ್ಟಕ್ಕೂ ಪಾಸಾದ ಮೇಲೆಯೇ ಕಟೌಟ್ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಬೇಕು. ನಮ್ಮಲ್ಲಿ ಮೊದಲು ಕೈ ಹೋಗುವುದೇ ಆ ಮುಚ್ಚಳಕ್ಕೆ!

ಅನುಭವಕ್ಕೆ ಬಂದಂತೆ ಬಹಳಷ್ಟು ಗಾಡಿಗಳು ಇದರಲ್ಲಿ ಪಾಸಾಗುತ್ತವೆ. ರೋಗ ಇರುವುದು ಅರ್ಥ್‌ನಲ್ಲಿ, ಅಂದರೆ ಬ್ಯಾಟರಿಯಿಂದ ಬಾಡಿಗೆ ಹೋಗುವ ಆ ಚಪ್ಪಟೆ ಹೆಣೆದ ಪಟ್ಟಿಯಲ್ಲಿ. ಖಾನಾಪುರದ ಕಡೆ, ಅದರಲ್ಲೂ ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ನಾಲ್ಕು ತಿಂಗಳು ತೊಯ್ದ ಗಾಡಿಯ ಆ ಬೋಲ್ಟ್ ಬಿಚ್ಚಿದರೆ ವಾಶರ್ ಕೆಳಗೆ ಹಸಿರು ಕಿಲುಬು, ಅದರ ಕೆಳಗೆ ತುಕ್ಕು, ಅದಕ್ಕೂ ಕೆಳಗೆ ಖಂಡೇಪೂಜೆಗೆಂದು ಹೊಡೆಸಿದ ಕೆಂಪು ಪೇಂಟ್. ಪೇಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಯಾರಿಗೆ ಹೇಳೋಣ?

ಟೆಸ್ಟ್ ಲ್ಯಾಂಪ್ ಇಲ್ಲಿ ಮೋಸ ಮಾಡುತ್ತದೆ. ಸಣ್ಣ ಬಲ್ಬಿಗೆ ಆ ತುಕ್ಕಿನ ದಾರಿ ಸಾಕು, ಝಗ್ಗನೆ ಹತ್ತುತ್ತದೆ. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. 200 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಓಮ್‌ನ ನೂರನೇ ಒಂದು ಭಾಗ ಅಡ್ಡಿ ಇದ್ದರೂ ಎರಡು ವೋಲ್ಟ್ ಅಲ್ಲೇ ಖರ್ಚು. ಅಷ್ಟು ಸಣ್ಣ ಅಡ್ಡಿ ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಗೆ ಸಿಗುವುದೇ ಇಲ್ಲ. ಆದ್ದರಿಂದ ವೋಲ್ಟ್ ಅಳತೆಯಲ್ಲೇ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥ್ ಕಡೆಯ ಸೀಸದ ಕಂಬಕ್ಕೆ, ಇನ್ನೊಂದನ್ನು ಸೆಲ್ಫ್‌ನ ಮೈಗೆ ಒತ್ತಿ ಹಿಡಿಯಿರಿ. ಎಂಜಿನ್ ಹತ್ತದಂತೆ ಸ್ಟಾಪ್ ಎಳೆದಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಬೋಲ್ಟ್ ಬಿಚ್ಚಿ, ಕಬ್ಬಿಣ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ.

ಇಷ್ಟಾದರೂ ಯಾಕೆ ಯಾರೂ ಮಾಡುವುದಿಲ್ಲ? ಹಳೆಯ ಡೀಸೆಲ್ ಎಂಜಿನ್ನಿಗೆ ಓಡಲು ಕರೆಂಟೇ ಬೇಡ. ಖಾನಾಪುರದಲ್ಲಿ ಇಳಿಜಾರಿಗೆ ಬರವೂ ಇಲ್ಲ. ರಾತ್ರಿ ದಿಬ್ಬದ ಮೇಲೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರಾಯಿತು. ಬೆಳಗ್ಗೆ ಕಲ್ಲು ತೆಗೆದು, ಇಳುಕಲಿನಲ್ಲಿ ಬಿಟ್ಟು, ಕ್ಲಚ್ ಬಿಟ್ಟರೆ ಗಾಡಿ ಶುರು. ‘ಬ್ಯಾಟರಿ ಯಾಕ ಬೇಕ್ರಿ’ ಎಂದು ಹಿರಿಯರೊಬ್ಬರು ನನ್ನನ್ನೇ ಕೇಳಿದರು.

ಬ್ಯಾಟರಿ ಬೇಕಾಗಿರುವುದು ಹಿಂದಿನ ದೀಪಕ್ಕೆ, ಕಾಕಾ. ಕಟೌಟ್ ಸ್ಪ್ರಿಂಗ್ ಮುಂದಿನ ವಾರಕ್ಕಿರಲಿ, ಇದು ಅದಕ್ಕಿಂತ ದೊಡ್ಡ ವಿಷಯ. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ–ಖಾನಾಪುರ ರಸ್ತೆಯಲ್ಲಿ ಕತ್ತಲಾದ ಮೇಲೆ ಬೈಕ್ ಓಡಿಸಿದವರಿಗೆ ಗೊತ್ತು: ಒಂದರ ಹಿಂದೊಂದು ಎರಡು ಟ್ರೇಲರ್, ಮೇಲೆ ಬೆಟ್ಟದಂಥ ಕಬ್ಬು, ಹಿಂದೆ ಬೆಳಕಿನ ಸುಳಿವೇ ಇಲ್ಲ. ಕೆಲವು ಟ್ರೇಲರುಗಳಿಗೆ ದೀಪ ಇದೆ, ಆದರೆ ಒಂದೊಂದಕ್ಕೆ ಒಂದೇ ವೈರ್ ಎಳೆದಿರುತ್ತಾರೆ. ವಾಪಸು ಬರುವ ಕರೆಂಟ್ ಗ್ರೀಸ್ ಮೆತ್ತಿದ, ತುಕ್ಕು ಹಿಡಿದ ಕೊಂಡಿಯ ಪಿನ್ನಿನ ಮೂಲಕವೇ ಬರಬೇಕು. ಗಾಡಿ ಗುಂಡಿಗೆ ಇಳಿದಾಗ ದೀಪ ಹೋಗುತ್ತದೆ, ಏರಿದಾಗ ಬರುತ್ತದೆ. ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೆ ಮಿಣುಕುತ್ತವೆ. ಇದಕ್ಕೆ ಬಲ್ಬ್ ಬದಲಿಸುತ್ತಾರೆ, ಫ್ಲ್ಯಾಶರ್ ಬದಲಿಸುತ್ತಾರೆ, ಕೊನೆಗೆ ಅಲ್ಟರ್ನೇಟರನ್ನೂ ಹಾಕಿಸುತ್ತಾರೆ. ಅದೂ ಅದೇ ಪಿನ್ನಿನ ಮೂಲಕವೇ ದೀಪ ಹೊತ್ತಿಸಬೇಕಲ್ಲ!

ಟ್ರ್ಯಾಕ್ಟರ್ ಚಾಸಿಯಿಂದ ಮೊದಲ ಟ್ರೇಲರಿಗೆ, ಅಲ್ಲಿಂದ ಎರಡನೆಯದಕ್ಕೆ, ಒಂದೊಂದು ದೀಪದ ಹೋಲ್ಡರಿನವರೆಗೆ ಅರ್ಥ್‌ಗೆಂದೇ ಪ್ರತ್ಯೇಕ ವೈರ್ ಎಳೆಸಿ. ಡೈನಮೋ ಗಾಡಿಯವರು ಹಿಂದಕ್ಕೆ ಎಲ್‌ಇಡಿ ದೀಪ ಹಾಕಿಸಿದರೆ ಬ್ಯಾಟರಿಯ ಮೇಲೆ ಭಾರವೂ ಕಡಿಮೆ. ದೀಪ ಕೈಕೊಟ್ಟ ದಿನಕ್ಕೆಂದು ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೂ ಅಂಟಿಸಿ, ಕಬ್ಬಿನ ಸೋಗೆ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವ ಮೊದಲೇ ಈ ಕೆಲಸ ಮುಗಿಸಿಬಿಡಿ.