ತಾಳೆಯಾದ ಲೆಕ್ಕ, ದಾಖಲಾಗದ ಮಾತು

ಮುಂಬಯಿಯಲ್ಲಿ ಯಾರಾದರೂ ತಲೆಬುಡವಿಲ್ಲದೆ ಮಾತಾಡಿದರೆ ‘ಠಾಣೆಗೆ ಕಳಿಸಿ’ ಅಂತಾರೆ. ನಮ್ಮ ಕಡೆ ‘ಧಾರವಾಡಕ್ಕ ಕಳಸ್ರಿ’ ಅನ್ನೋದು ರೂಢಿ. ಎರಡೂ ಚೇಷ್ಟೆಗಳ ಹಿಂದೆ ಒಂದೇ ಕಡತವಿದೆ. 1901ರಲ್ಲಿ ಠಾಣೆಯ ಆಸ್ಪತ್ರೆ ಆಗುವ ಮೊದಲು ಮುಂಬಯಿಯ ಹುಚ್ಚಾಸ್ಪತ್ರೆ ಕೊಲಾಬಾದಲ್ಲಿತ್ತು. ಕೊಲಾಬಾ, ಪುಣೆ, ಧಾರವಾಡ ಎಲ್ಲ ಒಂದೇ ಪ್ರಾಂತ್ಯದವು; ವಾರ್ಷಿಕ ವರದಿಯೂ ಒಟ್ಟಿಗೇ ಅಚ್ಚಾಗುತ್ತಿತ್ತು. ಕೊಲಾಬಾದ ಆಸ್ಪತ್ರೆ ಹೋಯಿತು, ವರದಿಗಳು ಉಳಿದವು. ಬ್ರಿಟಿಷರ ಕಾಲದ ಇಂಥ ವರದಿಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲಕ್ಕೆ ಏರಿಸಿದೆ. ಮನೆಯಲ್ಲೇ ಕೂತು ಓದಬಹುದು.

ಬ್ಯಾಂಕಿನಲ್ಲಿ ಸವೆದ ನನ್ನ ಕಣ್ಣಿಗೆ ಇವು ಬಲು ಅಚ್ಚುಕಟ್ಟು. ವರ್ಷದ ಮೊದಲಿಗೆ ಇದ್ದವರು, ಹೊಸದಾಗಿ ಬಂದವರು, ಗುಣವಾದವರು, ಸತ್ತವರು, ಉಳಿದವರು: ಆರಂಭ ಶಿಲ್ಕಿನಿಂದ ಆಖೈರು ಶಿಲ್ಕಿನವರೆಗೆ ಎಲ್ಲ ತಾಳೆಯಾಗುತ್ತದೆ. ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ವೋಚರು ನೋಡಬೇಕು.

ನೋಡಿದ್ದು 1893-94ರ ಗಾಂಜಾ ಆಯೋಗ. 1892ರಲ್ಲಿ ದೇಶದ ಹುಚ್ಚಾಸ್ಪತ್ರೆಗಳಲ್ಲಿ ಗಾಂಜಾ, ಭಂಗಿಯಿಂದ ಬಂದ ಹುಚ್ಚು ಎಂದು ಬರೆದಿದ್ದ 222 ಪ್ರಕರಣಗಳನ್ನು ಅದು ಕೆದಕಿತು. ನಿಂತದ್ದು 98 ಮಾತ್ರ! ‘ಕಾರಣ’ದ ಅಂಕಣ ಎಷ್ಟೋ ಸಲ ಪೊಲೀಸರು ಕಳಿಸಿದ ಚೀಟಿಯ ನಕಲಾಗಿತ್ತು. ಹೆಂಡತಿಯೋ ಅಣ್ಣನೋ ಜೊತೆಗಿದ್ದರೆ ‘ಮಗು ಸತ್ತಾಗಿನಿಂದ ಹೀಗೆ’ ಅಂತ ಹೇಳಿಯಾರು. ಪರವೂರಿನ ಬೀದಿಯಲ್ಲಿ ಸಿಕ್ಕವನ ಪರವಾಗಿ ಹೇಳುವವರು ಯಾರು? ಚಿಲುಮೆ ಸಿಕ್ಕರೆ ಸಾಕು, ಅಂಕಣ ತುಂಬಿತು.

ಇತಿಹಾಸಕಾರ ಜೇಮ್ಸ್ ಮಿಲ್ಸ್ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಅಂಕಿಗಳು ಹುಟ್ಟಿದ ಬಗೆಯನ್ನೇ ಪ್ರಶ್ನಿಸಿದರು. ಲಖನೌ ಆಸ್ಪತ್ರೆಯ ರೋಗಿಗಳ ಟಿಪ್ಪಣಿಗಳನ್ನೂ ಓದಿದರು. ದೊಡ್ಡ ಕೆಲಸ. ಆದರೆ ಆ ಟಿಪ್ಪಣಿಗಳೂ ಇಂಗ್ಲಿಷಿನವು. ರೋಗಿ ತನ್ನ ಮಾತಿನಲ್ಲಿ ಏನಂದ ಎಂಬುದು ಅಲ್ಲಿಗೆ ಬರುವಷ್ಟರಲ್ಲಿ ಸೋರಿಹೋಗಿದೆ.

ಇದಕ್ಕೆ ಎದುರಾಗಿ ವಾಲ್ಟ್ರಾಡ್ ಅರ್ನ್ಸ್ಟ್ ಅವರ 1991ರ ಪುಸ್ತಕವನ್ನು ಇಟ್ಟು ನೋಡಿ. ಇಲ್ಲಿ ಬುದ್ಧಿಭ್ರಮಣೆಯಾದ ಬಿಳಿಯರನ್ನು ಕಂಪನಿ ಸರಕಾರ ಹಡಗು ಹತ್ತಿಸಿ ಊರಿಗೇ ಕಳಿಸುತ್ತಿತ್ತು. ಲಂಡನ್ನಿನ ಹ್ಯಾಕ್ನಿಯ ಪೆಂಬ್ರೋಕ್ ಹೌಸಿನಲ್ಲಿ ಅವರಿಗೆ ಹಾಸಿಗೆ ಇತ್ತು. ಅವರ ಹೆಸರು, ಕಥೆಗಳಿರುವ ಪುಸ್ತಕಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರ ಪಾಲಿಗೆ ‘ಊರು’ ಎಂಬುದು ಚಿಕಿತ್ಸೆಯ ಭಾಗವಾಗಿತ್ತು. ನಮ್ಮವರ ಪಾಲಿಗೆ ಅದು ಹೆಚ್ಚೆಂದರೆ ವರದಿಯ ಒಂದು ಅಂಕಿ. ಆಸ್ಪತ್ರೆಗಳ ಕ್ರೌರ್ಯದ ಬಗ್ಗೆ ಬಹಳ ಜನ ಬರೆದಿದ್ದಾರೆ. ನನಗೆ ಹೆಚ್ಚು ಚುಚ್ಚುವುದು ಈ ತಾರತಮ್ಯ.

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ತನ್ನ ದಾಖಲೆ ನೋಡುವ ಹಕ್ಕು ಕೊಟ್ಟಿದೆ. ಒಳ್ಳೆಯದಾಯಿತು. ಆದರೆ ನಿಮ್ಮೂರಿನ ಹುಡುಗ ಇಲ್ಲಿ ಠಾಣೆಯಲ್ಲೋ ಪುಣೆಯಲ್ಲೋ ಆಸ್ಪತ್ರೆ ಸೇರಿದಾಗ ಅವನ ಕನ್ನಡ ಕೇಳಿ ಬರೆದುಕೊಳ್ಳುವವರು ಎದುರಿಗೆ ಇರಬೇಕಲ್ಲ? ಇಲ್ಲದಿದ್ದರೆ ನೂರು ವರ್ಷದ ಮೇಲೆ ಇವತ್ತಿನ ದಾಖಲೆ ತೆಗೆದವರಿಗೂ ಸಿಗುವುದು ಆಖೈರು ಶಿಲ್ಕು ಅಷ್ಟೇ.