ಒಂದು ಮಗುವಿಗೆ ಒಂದು ಚುಕ್ಕೆ

ಒಂಬತ್ತನೇ ತರಗತಿಯ ಕಪ್ಪುಹಲಗೆಯ ಮೇಲೆ ಬರೆಯಬಹುದಾದ ನಾಲ್ಕು ಸಾಲಿನ ಚಟುವಟಿಕೆ ಇದು. ಎರಡು ಚಲಕಗಳ ಸಂಬಂಧ ಹುಡುಕುವುದನ್ನು ಕಲಿಸಲು ಇಷ್ಟು ಸಾಕು, ಒಂದೊಂದು ಸಾಲಿನಲ್ಲೂ ನಿಂತು ಮುಂದೆ ಹೋದರೆ.

"ಗೆಳೆಯರ ಎತ್ತರವನ್ನೂ ಮಾರನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ."

ಮಾರು ಎಂದರೆ ಎರಡೂ ಕೈ ಚಾಚಿದಾಗ ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದ. ಹೂ ಕೊಳ್ಳಲು ಹೋದ ಮಕ್ಕಳಿಗೆಲ್ಲ ಗೊತ್ತಿರುವ ಅಳತೆ. ಅಳೆಯುವ ಮೊದಲು ಊಹೆ ಕೇಳಿ: ಎತ್ತರ ಇರುವವರ ಮಾರೂ ಉದ್ದವೇ? ಊಹೆಯಿಲ್ಲದೆ ಅಳೆದರೆ ಅದು ಬರೀ ಟೇಪು ಹಿಡಿಯುವ ಕೆಲಸ. ಚಪ್ಪಲಿ ಬಿಡಿಸಿ, ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ.

"ಒಬ್ಬರಿಗೆ ಒಂದೇ ಚುಕ್ಕೆ ಇಡಿ."

ಪಾಠವೆಲ್ಲ ಇರುವುದು ಆ 'ಒಂದೇ' ಎಂಬ ಮಾತಿನಲ್ಲಿ. ಮಧ್ಯಾಂಕ ಕಲಿತ ಮಕ್ಕಳಿಗೆ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆಯುವ ರೂಢಿ. ಎತ್ತರದ ಪಟ್ಟಿಯನ್ನು ಬೇರೆ, ಮಾರಿನ ಪಟ್ಟಿಯನ್ನು ಬೇರೆ ಹಾಗೇ ಜೋಡಿಸಿಬಿಡುತ್ತಾರೆ. ಪಟ್ಟಿ ಅಂದವಾಗುತ್ತದೆ, ಜೋಡಿ ಮುರಿಯುತ್ತದೆ. 152 ಸೆಂ.ಮೀ. ಎತ್ತರದ ಹುಡುಗಿಯ ಪಕ್ಕಕ್ಕೆ ಇನ್ಯಾರದೋ ಮಾರು ಬಂದು ಕೂರುತ್ತದೆ. ಹಾಗೆ ಜೋಡಿಸಿದ ಮೇಲೆ ಸಂಬಂಧವೇ ಇಲ್ಲದ ಎರಡು ಪಟ್ಟಿಗಳ ಚುಕ್ಕೆಗಳೂ ಸುಳ್ಳೇ ಮೇಲೇರುತ್ತ ಹೋಗುತ್ತವೆ. ಅದಕ್ಕೇ ಪ್ರತಿ ಚುಕ್ಕೆಯ ಪಕ್ಕ ಹೆಸರಿನ ಮೊದಲಕ್ಷರ ಬರೆಸಿ. ಎತ್ತರ ತೋರುವ ಅಡ್ಡ ಅಕ್ಷದ 152ರಿಂದ ಮೇಲಕ್ಕೆ ಒಂದು ಬೆರಳು, ಮಾರು ತೋರುವ ನಿಂತ ಅಕ್ಷದಲ್ಲಿ ಅವಳ ಮಾರಾದ 149ರಿಂದ ಬಲಕ್ಕೆ ಇನ್ನೊಂದು ಬೆರಳು. ಎರಡೂ ಸೇರಿದಲ್ಲಿ ಅವಳಿದ್ದಾಳೆ.

"ಚುಕ್ಕೆಗಳ ನಡುವೆ ಒಂದು ನೇರ ಗೆರೆ ಎಳೆಯಿರಿ."

ರಂಗೋಲಿಯಂತೆ ಚುಕ್ಕೆಯಿಂದ ಚುಕ್ಕೆಗೆ ಸೇರಿಸಲು ಹೊರಡುತ್ತಾರೆ, ತಡೆಯಿರಿ. ಒಂದು ಕಪ್ಪು ದಾರವನ್ನು ಬಿಗಿಯಾಗಿ ಹಿಡಿದು, ಚುಕ್ಕೆಗಳು ಅದರ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿ ಉಳಿಯುವಲ್ಲಿ ನಿಲ್ಲಿಸಲಿ.

"ಗೆರೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?"

ಎರಡು ಚಲಕಗಳು ಎಷ್ಟು ಜೊತೆಜೊತೆಯಾಗಿ ಬದಲಾಗುತ್ತವೆ ಎಂದು ಹೇಳುವ ಸಹಸಂಬಂಧ ಎಂಬ ಪದ ಇಲ್ಲಿ ಬರಲಿ, ಮೊದಲೇ ಬೇಡ. ಕೈ ಉದ್ದವಾದ ಕಾರಣಕ್ಕೆ ಯಾರೂ ಎತ್ತರವಾಗಲಿಲ್ಲ. ಎರಡೂ ಒಂದೇ ಮೈಯ ಬೆಳವಣಿಗೆ. ಅಂಕಿ ಒಂದೇ ಆದರೂ ಚುಕ್ಕೆಗಳ ಚಿತ್ರ ಬೇರೆ ಇರಬಹುದು ಎಂಬುದನ್ನೂ ಹೇಳಿ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ತಲಾ 11 ಜೋಡಿಗಳ ನಾಲ್ಕು ಪಟ್ಟಿ ಪ್ರಕಟಿಸಿದರು. ನಾಲ್ಕರಲ್ಲೂ ಎರಡು ಚಲಕಗಳ ಸರಾಸರಿ 9 ಮತ್ತು 7.5, ಸಹಸಂಬಂಧ ಸುಮಾರು 0.82. ಗ್ರಾಫಿಗೆ ಇಳಿಸಿದರೆ ಒಂದು ಗೆರೆಯ ಸುತ್ತ ಚದುರಿದೆ, ಒಂದು ಬಿಲ್ಲಿನಂತೆ ಬಾಗಿದೆ, ಒಂದರಲ್ಲಿ ನೇರ ಸಾಲಿನಿಂದ ಒಂದೇ ಚುಕ್ಕೆ ಹೊರಗುಳಿದಿದೆ, ಕೊನೆಯದರಲ್ಲಿ ಒಂದು ಬಿಟ್ಟು ಉಳಿದ ಹತ್ತೂ ಕಂಬದಂತೆ ನಿಂತಿವೆ. ಮೇಷ್ಟ್ರೇ, ಸೂತ್ರ ಬರೆಸುವ ಮುನ್ನ ಮಕ್ಕಳ ಕೈಗೆ ಗ್ರಾಫ್ ಹಾಳೆ ಕೊಡಿ.